ರಾಣಿ ಛಾಪಿನ ರೂಪಾಯಿಗೆ ಸಲ್ಲುವ ಬೆಲೆ

‘ನಾಣ್ಯ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಟಂಕಸಾಲೆಯಿಂದ ಅಚ್ಚಾಗಿ ಹೊರಬಿದ್ದ ಹಣ ಒಂದು; ಗಟ್ಟಿತನ, ಒಳ್ಳೆಯ ಗುಣ ಎಂಬುದು ಮತ್ತೊಂದು. ನಾಣ್ಯವಾದ ಸೀರೆ, ನಾಣ್ಯವಾದ ಕೆಲಸ ಎಂದು ಹಿರಿಯರು ಹೊಗಳುವುದು ಈ ಎರಡನೆಯ ಅರ್ಥದಲ್ಲಿ. ಹಣಕ್ಕೂ ಗುಣಕ್ಕೂ ಒಂದೇ ಹೆಸರಿಟ್ಟ ಈ ನಾಡಿನಲ್ಲಿ, ಹಳೆಯ ಬೆಳ್ಳಿಯ ರೂಪಾಯಿಯ ಗುಣವನ್ನು ಕಂಡುಕೊಳ್ಳಬಲ್ಲವರು ಮಾತ್ರ ಇಂದು ವಿರಳ. ಅಜ್ಜಿಯ ಪೆಟ್ಟಿಗೆಯಿಂದ ಹೊರಬಂದ ನಾಣ್ಯವನ್ನು ಕೆಲವರು ಸಕ್ಕರೆಯಂತೆ ತೂಕಕ್ಕೆ ಮಾರಿಬಿಡುತ್ತಾರೆ. ಇನ್ನು ಕೆಲವರು ಅದಕ್ಕೆ ಲಕ್ಷಗಟ್ಟಲೆ ಬೆಲೆಯುಂಟೆಂಬ ಗಾಳಿಸುದ್ದಿಯನ್ನು ನಂಬಿ, ಕೈಯಲ್ಲಿದ್ದ ಹಣವನ್ನೂ ಕಳೆದುಕೊಳ್ಳುತ್ತಾರೆ. ಈ ಎರಡು ತಪ್ಪುಗಳ ನಡುವೆ ಒಂದು ನ್ಯಾಯವಾದ ಬೆಲೆ ಇದ್ದೇ ಇದೆ. ಅದನ್ನು ಕಂಡುಹಿಡಿಯುವುದು ಮಾಯಾವಿದ್ಯೆಯಲ್ಲ. ತಕ್ಕಡಿ, ಕಣ್ಣು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಪೆಟ್ಟಿಗೆಯೊಳಗಿನ ಚರಿತ್ರೆ

ಕೊಡಗಿನ ಮನೆತನಗಳಿಗೆ ಈ ಪ್ರಶ್ನೆ ಇತರರಿಗಿಂತ ಹತ್ತಿರದ್ದು. ಮುಹೂರ್ತದ ದಿನ ವಧುವರರಿಗೆ ಅಕ್ಕಿ ಹಾಕಿ, ಕಿಂಡಿಯಲ್ಲಿ ಹಾಲು ಕುಡಿಸಿ, ಕೈಗೆ ನಾಣ್ಯವಿತ್ತು ಹರಸುವ ಪದ್ಧತಿ ಅಲ್ಲಿಯದು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದ ಭಕ್ತರು ತೀರ್ಥಕ್ಕೆ ನಾಣ್ಯವನ್ನು ಅರ್ಪಿಸುವುದೂ ಉಂಟು. ಕೊಡವ ಹೆಣ್ಣುಮಕ್ಕಳ ಕೊರಳಲ್ಲಿ ತೂಗುವ ಪತ್ತಾಕ್ ಎಂಬ ಆಭರಣದ ನಟ್ಟನಡುವೆ ಇರುವುದೂ ನಾಣ್ಯವೇ. ಅದು ಚಿನ್ನದ್ದು ಎಂಬುದಷ್ಟೇ ಭೇದ. ಹೀಗೆ ಹಬ್ಬದಲ್ಲಿ, ಮದುವೆಯಲ್ಲಿ, ಭತ್ತದ ಮಾರಾಟದಲ್ಲಿ, ಕಾಫಿ ತೋಟದ ಬಟವಾಡೆಯಲ್ಲಿ, ಸೈನ್ಯದಿಂದ ಬಂದ ಸಂಬಳದಲ್ಲಿ ಮನೆ ಸೇರಿದ ಬೆಳ್ಳಿಯ ರೂಪಾಯಿಗಳು ಎಷ್ಟೋ ಐನ್‌ಮನೆಗಳ ಪೆಟ್ಟಿಗೆಗಳಲ್ಲಿ ತಲೆಮಾರುಗಳ ಕಾಲ ಮಲಗಿದ್ದವು.

ಆ ರೂಪಾಯಿಯ ಚರಿತ್ರೆಗೂ ಕೊಡಗಿನ ಚರಿತ್ರೆಗೂ ಒಂದು ವಿಚಿತ್ರವಾದ ಜೊತೆಯಿದೆ. ಚಿಕ್ಕವೀರರಾಜೇಂದ್ರನು ಪಟ್ಟವನ್ನು ಕಳೆದುಕೊಂಡು ಕೊಡಗು ಕಂಪೆನಿ ಸರಕಾರದ ಕೈಸೇರಿದ್ದು 1834ರಲ್ಲಿ. ಅದರ ಮರುವರ್ಷವೇ, 1835ರಲ್ಲಿ, ಕಂಪೆನಿಯು ತನ್ನ ಆಳ್ವಿಕೆಯ ಸೀಮೆಗಳಿಗೆಲ್ಲ ಒಂದೇ ತೂಕದ, ಒಂದೇ ಮಟ್ಟದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ಮೇಲಿದ್ದದ್ದು ನಾಲ್ಕನೆಯ ವಿಲಿಯಂ ದೊರೆಯ ಮುಖ. ಅವನ ತರುವಾಯ ಬಂದದ್ದು ವಿಕ್ಟೋರಿಯಾ ರಾಣಿಯ ಮುಖ. ಪದಚ್ಯುತನಾದ ಅರಸನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟವಳು ಇದೇ ರಾಣಿ. ರಾಜಕುಮಾರಿ ವಿಕ್ಟೋರಿಯಾ ಗೌರಮ್ಮ ತಾಯ್ನಾಡಿಗೆ ಮರಳದೆ 1864ರಲ್ಲಿ ಲಂಡನ್ನಿನಲ್ಲಿಯೇ ಕಣ್ಮುಚ್ಚಿದಳು. ಅವಳ ಧರ್ಮಮಾತೆಯ ಮುಖ ಮಾತ್ರ ರೂಪಾಯಿಯ ಮೇಲೇರಿ ಕೊಡಗಿನ ಸಂತೆಗಳಲ್ಲಿ ತಿರುಗಾಡುತ್ತಿತ್ತು.

ಆದರೆ ಚರಿತ್ರೆಯ ಸೊಗಸು ಬೇರೆ, ಪೇಟೆಯ ಬೆಲೆ ಬೇರೆ. ಬೆಲೆ ಕಟ್ಟಬೇಕಾದರೆ ಮೂರು ಮೆಟ್ಟಿಲುಗಳನ್ನು ಕ್ರಮವಾಗಿ ಏರಬೇಕು. ಮೊದಲನೆಯದು ಲೋಹ, ಎರಡನೆಯದು ನಾಣ್ಯದ ಸ್ಥಿತಿ, ಮೂರನೆಯದು ಅದರ ವಿರಳತೆ. ಒಂದು ಮೆಟ್ಟಿಲನ್ನು ಹಾರಿಸಿ ಮುಂದಿನದಕ್ಕೆ ಕಾಲಿಟ್ಟವರೇ ಸಾಮಾನ್ಯವಾಗಿ ಜಾರಿ ಬೀಳುವುದು.

ಮೊದಲನೆಯ ಮೆಟ್ಟಿಲು: ಲೋಹ

1835ರ ರೂಪಾಯಿಯ ತೂಕ 180 ಗ್ರೇನ್. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಇದು ಸರಿಯಾಗಿ ಒಂದು ತೊಲ. ಅಕ್ಕಸಾಲಿಗರು ‘ಒಂದು ರೂಪಾಯಿ ತೂಕ’ ಎಂದು ಹೇಳುತ್ತಿದ್ದುದಕ್ಕೆ ಮೂಲ ಇದೇ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ; ಉಳಿದ ಒಂದು ಪಾಲು ಗಟ್ಟಿತನಕ್ಕಾಗಿ ಬೆರೆಸಿದ ಲೋಹ. ಎಂದರೆ ಸವೆಯದ ಒಂದು ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿಯಿರುತ್ತದೆ. ವಿಲಿಯಂ, ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರೆಲ್ಲರ ರೂಪಾಯಿಗಳಿಗೂ ಈ ಲೆಕ್ಕ ಒಂದೇ. ಆರನೆಯ ಜಾರ್ಜ್ ದೊರೆಯ 1938 ಮತ್ತು 1939ರ ರೂಪಾಯಿಗಳೂ ಇದೇ ಮಟ್ಟದವು.

ಎರಡನೆಯ ಮಹಾಯುದ್ಧ ಬಂದು ಈ ಲೆಕ್ಕವನ್ನು ಕೆಡಿಸಿತು. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧ ಮಾತ್ರ. ಉಳಿದರ್ಧ ತಾಮ್ರ, ನಿಕ್ಕಲ್ ಮತ್ತು ಸತುವು. ತೂಕ ಹಿಂದಿನಷ್ಟೇ ಇದ್ದರೂ ಅದರೊಳಗಿನ ಶುದ್ಧ ಬೆಳ್ಳಿ 5.83 ಗ್ರಾಂಗೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯ ಸೋಂಕೂ ಇಲ್ಲ. ಅದು ಅಪ್ಪಟ ನಿಕ್ಕಲ್. 1947ರ ರೂಪಾಯಿಯ ಬೆನ್ನಿಗೆ ಹುಲಿಯ ಚಿತ್ರವಿದೆ. ಅದು ನೋಡಲು ಚೆಂದ, ಹೊಳಪೂ ಇದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಯಸ್ಕಾಂತವನ್ನು ಹತ್ತಿರ ತಂದರೆ ನಿಕ್ಕಲ್ ರೂಪಾಯಿ ಅಂಟಿಕೊಳ್ಳುತ್ತದೆ, ಬೆಳ್ಳಿಯದು ಅಂಟುವುದಿಲ್ಲ.

ಅರ್ಧ ಬೆಳ್ಳಿಯ ರೂಪಾಯಿಯನ್ನು ಗುರುತಿಸಲು ವರ್ಷವನ್ನು ಓದಿದರೆ ಸಾಕು. ವರ್ಷ ಸವೆದಿದ್ದರೆ ಅಂಚನ್ನು ನೋಡಬೇಕು. ಹಳೆಯ ರೂಪಾಯಿಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ನೇರವಾದ ಗೆರೆಗಳು ಮಾತ್ರ ಇರುತ್ತವೆ. ಯುದ್ಧಕಾಲದ ರೂಪಾಯಿಯ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ತೋಡು, ಆ ತೋಡಿನಲ್ಲಿ ಸರಪಳಿಯಂತಹ ಹೆಣಿಗೆ ಇರುತ್ತದೆ. ಕಳ್ಳನಾಣ್ಯವನ್ನು ತಡೆಯಲೆಂದು ಟಂಕಸಾಲೆಯವರು ಮಾಡಿದ ಉಪಾಯ ಅದು.

ಇಷ್ಟು ತಿಳಿದರೆ ಮೊದಲನೆಯ ಬೆಲೆಯನ್ನು ಮನೆಯ ಯಾರಾದರೂ ಕಟ್ಟಬಹುದು. ಅಂದಿನ ಚಿನಿವಾರಪೇಟೆಯ ದರದಲ್ಲಿ ಒಂದು ಗ್ರಾಂ ಬೆಳ್ಳಿಗೆಷ್ಟೋ ಅದನ್ನು 10.69ರಿಂದ ಗುಣಿಸಿದರೆ ಹಳೆಯ ರೂಪಾಯಿಯ ಲೋಹದ ಬೆಲೆ, 5.83ರಿಂದ ಗುಣಿಸಿದರೆ ಯುದ್ಧಕಾಲದ್ದರ ಬೆಲೆ. ದರ ದಿನದಿನಕ್ಕೂ ಏರಿಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 1,069 ರೂಪಾಯಿ, ಎರಡನೆಯದಕ್ಕೆ 583 ರೂಪಾಯಿ. ಇದು ನೆಲಗಟ್ಟು. ಅಕ್ಕಸಾಲಿಗನು ಕರಗಿಸುವ ಖರ್ಚಿಗೆ, ಸವಕಳಿಗೆ ಸ್ವಲ್ಪ ಕಡಿದುಕೊಳ್ಳುವುದು ಸಹಜ. ಆದರೆ ಅದಕ್ಕಿಂತ ಬಹಳ ಕೆಳಗೆ ಕೇಳುವವನು ವ್ಯಾಪಾರಕ್ಕೆ ಬಂದವನಲ್ಲ.

ಎರಡನೆಯ ಮೆಟ್ಟಿಲು: ಸ್ಥಿತಿ

ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ರೂಪಾಯಿಗಳಲ್ಲಿ ಒಂದು ಲೋಹದ ಬೆಲೆಗಷ್ಟೇ ಹೋಗುತ್ತದೆ, ಮತ್ತೊಂದು ಅದರ ಹಲವು ಪಟ್ಟು ತರುತ್ತದೆ. ಕಾರಣ ಸವೆತ. ನಾಣ್ಯ ಸಂಗ್ರಾಹಕರು ಸವೆತವನ್ನು ಅಳೆಯಲು ಕೆಲವು ದರ್ಜೆಗಳನ್ನು ಮಾಡಿಕೊಂಡಿದ್ದಾರೆ: ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್‌ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಇಲ್ಲಿ ಹೊಸಬರು ಮೋಸಹೋಗುವುದು ಹೆಸರಿನಿಂದಲೇ. ಪರೀಕ್ಷೆಯಲ್ಲಿ ‘ಗುಡ್’ ಎಂದರೆ ಹುಡುಗ ಹಿಗ್ಗುತ್ತಾನೆ. ನಾಣ್ಯದ ಲೋಕದಲ್ಲಿ ‘ಗುಡ್’ ಎಂದರೆ ಮುಖದ ಹೊರಗೆರೆ ಮಾತ್ರ ಉಳಿದು, ಅಕ್ಷರಗಳು ಹೇಗೋ ಓದಲು ಬರುವಷ್ಟು ಸವೆದದ್ದು ಎಂದರ್ಥ. ‘ಫೈನ್’ ಎಂಬುದೂ ಮಧ್ಯಮ ದರ್ಜೆಯೇ. ‘ವೆರಿ ಫೈನ್’ ಎಂದರೆ ಚಿತ್ರದ ಮುಖ್ಯ ಗೆರೆಗಳೆಲ್ಲ ಸ್ಪಷ್ಟವಾಗಿದ್ದು ಎತ್ತರದ ಭಾಗಗಳು ಸಮತಟ್ಟಾಗಿರುವುದು. ‘ಎಕ್ಸ್‌ಟ್ರೀಮ್‌ಲಿ ಫೈನ್’ ಎಂದರೆ ಅತಿ ಎತ್ತರದ ಒಂದೆರಡು ಕಡೆ ಮಾತ್ರ ಸವೆತದ ಸುಳಿವಿರುವುದು. ಕೊನೆಯದು ಚಲಾವಣೆಯನ್ನೇ ಕಾಣದ ನಾಣ್ಯ.

ಅಮೆರಿಕದ ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಆ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 70 ಅಂಕಗಳ ಒಂದು ಮಾನವನ್ನು ರಚಿಸಿದರು. ಅದು ಮುಂದೆ ಬೆಳ್ಳಿಯ ಡಾಲರುಗಳಿಗೂ ಹಬ್ಬಿತು. ಈಗ ಜಗತ್ತಿನ ಬಹುಭಾಗದಲ್ಲಿ ನಾಣ್ಯವನ್ನು ಪರೀಕ್ಷಿಸಿ, ಅಂಕವನ್ನು ಬರೆದು, ಪಾರದರ್ಶಕವಾದ ಪೆಟ್ಟಿಗೆಯಲ್ಲಿ ಮುದ್ರೆಮಾಡಿ ಕೊಡುವ ಸಂಸ್ಥೆಗಳು ಈ ಮಾನವನ್ನೇ ಬಳಸುತ್ತವೆ. ಭಾರತದ ರೂಪಾಯಿಗಳೂ ಈ ಪರೀಕ್ಷೆಗೆ ಹೋಗುತ್ತವೆ. ಆದರೆ ಅದಕ್ಕೆ ಖರ್ಚುಂಟು. ಸಾಮಾನ್ಯ ವರ್ಷದ ಸವೆದ ರೂಪಾಯಿಗೆ ಅಷ್ಟು ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರವಾದಂತೆ.

ಮನೆಯಲ್ಲಿಯೇ ದರ್ಜೆಯನ್ನು ಅಂದಾಜು ಮಾಡುವ ಕ್ರಮ ಹೀಗಿದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದುಕೊಳ್ಳಬೇಕು. ಬೆರಳಿನ ಬೆವರು ಮುಖಕ್ಕೆ ತಾಗಬಾರದು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು. ಕಿಟಕಿಯ ಬೆಳಕಿನಲ್ಲಾಗಲಿ, ಒಂದೇ ಕಡೆಯಿಂದ ಬೀಳುವ ದೀಪದಲ್ಲಾಗಲಿ ನಾಣ್ಯವನ್ನು ಮೆಲ್ಲಗೆ ಓರೆಮಾಡಿ ತಿರುಗಿಸಬೇಕು. ಸವೆಯದ ನಾಣ್ಯದ ಮೇಲೆ ಬೆಳಕು ಗಾಡಿಯ ಚಕ್ರದ ಅರೆಗಳಂತೆ ಸುತ್ತುತ್ತ ಓಡುತ್ತದೆ. ಸವೆದ ನಾಣ್ಯದಲ್ಲಿ ಆ ಓಟ ಎತ್ತರದ ಭಾಗಗಳಲ್ಲಿ ಕಡಿದುಹೋಗುತ್ತದೆ. ಉಜ್ಜಿ ಹೊಳಪಿಸಿದ ನಾಣ್ಯ ಎಲ್ಲೆಡೆ ಒಂದೇ ಸಮನೆ ಮಿರುಗುತ್ತದೆಯೇ ಹೊರತು ಬೆಳಕು ಓಡುವುದಿಲ್ಲ.

ಬಳಿಕ ಭೂತಕನ್ನಡಿ ಹಿಡಿದು ಮೊದಲು ಸವೆಯುವ ಜಾಗಗಳನ್ನು ನೋಡಬೇಕು. ರಾಣಿಯ ರೂಪಾಯಿಯಲ್ಲಿ ಕಿರೀಟದ ಮೇಲಂಚು, ಕಿವಿಯ ಬಳಿಯ ಕೂದಲು, ಕೆನ್ನೆ ಮತ್ತು ಎದೆವಸ್ತ್ರದ ಹೂಬಳ್ಳಿ. ಎಡ್ವರ್ಡ್ ದೊರೆಗೆ ರೂಪಾಯಿಯ ಮೇಲೆ ಕಿರೀಟವಿಲ್ಲ. ಆದ್ದರಿಂದ ಕಿವಿಯ ಮೇಲಿನ ಕೂದಲು ಮತ್ತು ಗಡ್ಡವನ್ನು ನೋಡಬೇಕು. ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಕಿರೀಟದ ಹರಳುಗಳು ಮತ್ತು ನಿಲುವಂಗಿಯ ಮೇಲಿನ ಪುಟ್ಟ ಆನೆ ಒಳ್ಳೆಯ ಸಾಕ್ಷಿಗಳು. ಆನೆಯ ಸೊಂಡಿಲು, ಕಾಲು ಬಿಡಿಬಿಡಿಯಾಗಿ ಕಂಡರೆ ನಾಣ್ಯ ಹೆಚ್ಚು ಕೈಬದಲಾಗಿಲ್ಲವೆಂದು ತಿಳಿಯಬಹುದು.

ಹುಣಸೆಹುಳಿಯ ಅಪರಾಧ

ಸ್ಥಿತಿಯ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ನಾಣ್ಯ ಕೈಗೆ ಸಿಕ್ಕೊಡನೆ ಅದನ್ನು ಬೆಳಗುವುದು ಗೃಹಿಣಿಯ ಸ್ವಭಾವ. ಹುಣಸೆಹುಳಿ, ಬೂದಿ, ನಿಂಬೆಹಣ್ಣು, ಕೊಡಗಿನಲ್ಲಾದರೆ ಕಾಚಂಪುಳಿ, ಇವುಗಳಲ್ಲಿ ಯಾವುದನ್ನು ಹಚ್ಚಿ ತಿಕ್ಕಿದರೂ ನಾಣ್ಯ ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಅದೇ ಕ್ಷಣದಲ್ಲಿ ಅದರ ಬೆಲೆಯೂ ಇಳಿಯುತ್ತದೆ. ಹುಳಿ ಮತ್ತು ಬೂದಿ ಸೇರಿ ಬೆಳ್ಳಿಯ ಮೇಲ್ಪದರವನ್ನು ಕೂದಲೆಳೆಯಂತಹ ಗೀರುಗಳಿಂದ ತುಂಬಿಬಿಡುತ್ತವೆ. ಸಂಗ್ರಾಹಕನ ಕಣ್ಣು ಮೊದಲು ಹೋಗುವುದು ಆ ಗೀರುಗಳ ಮೇಲೆಯೇ. ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕೂಡುವ ಕಪ್ಪು, ನೀಲಿ, ಹೊಂಬಣ್ಣದ ಛಾಯೆಯನ್ನು ಅವನು ಕೊಳೆಯೆಂದು ಎಣಿಸುವುದಿಲ್ಲ. ಅದು ನಾಣ್ಯದ ವಯಸ್ಸಿನ ಗುರುತು. ದೇವರ ಮನೆಯ ಪಾತ್ರೆಗೆ ಸಲ್ಲುವ ಉಪಚಾರ ಹಳೆಯ ರೂಪಾಯಿಗೆ ಸಲ್ಲದು.

ಕೊಡಗಿನ ಮಳೆಗಾಲದ ತೇವ ಬೆಳ್ಳಿಗೆ ಒಳ್ಳೆಯದಲ್ಲ. ಒಣಗಿದ ಹತ್ತಿಬಟ್ಟೆಯಲ್ಲಾಗಲಿ, ನಾಣ್ಯಕ್ಕೆಂದೇ ಮಾಡಿದ ಕಾಗದದ ಚೀಲದಲ್ಲಾಗಲಿ ಒಂದೊಂದನ್ನೂ ಪ್ರತ್ಯೇಕವಾಗಿಟ್ಟರೆ ಸಾಕು. ರಬ್ಬರ್ ಪಟ್ಟಿ ಸುತ್ತಬಾರದು. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪುಮಾಡುತ್ತದೆ.

ಸ್ಥಿತಿಯನ್ನು ಕೆಡಿಸುವ ಮತ್ತೊಂದು ಸಂಗತಿ ಬೆಸುಗೆ. ಸರಕ್ಕೆ ಪೋಣಿಸಲೆಂದು ಕೊಂಡಿ ಕೂರಿಸಿದ, ತೂತು ಹಾಕಿದ ರೂಪಾಯಿಗಳು ಹಳೆಯ ಮನೆಗಳಲ್ಲಿ ಬಹಳ. ಕೊಂಡಿಯನ್ನು ತೆಗೆಸಿ ಅಂಚನ್ನು ಅರದಿಂದ ಸವರಿದರೂ ಗುರುತು ಉಳಿಯುತ್ತದೆ. ಅಂತಹ ನಾಣ್ಯಕ್ಕೆ ಸಾಮಾನ್ಯವಾಗಿ ಲೋಹದ ಬೆಲೆಯೇ ಗತಿ. ಹಾಗೆಂದು ಸರವನ್ನು ಮುರಿಯಬೇಕಾಗಿಲ್ಲ. ಪತ್ತಾಕಿನಿಂದ ಚಿನ್ನದ ನಾಣ್ಯವನ್ನು ಕಿತ್ತು ಸಂಗ್ರಾಹಕನಿಗೆ ಮಾರುತ್ತೇನೆಂದು ಹೊರಡುವುದಂತೂ ಎರಡು ಕಡೆಯಿಂದಲೂ ನಷ್ಟ: ನಾಣ್ಯದ ಅಂಚು ಕಲೆಯಾಗಿರುತ್ತದೆ, ಆಭರಣವೂ ಹಾಳಾಗುತ್ತದೆ. ಆಭರಣವನ್ನು ಆಭರಣವಾಗಿಯೇ ಉಳಿಸಿಕೊಳ್ಳುವುದು ಲೇಸು.

ಮೂರನೆಯ ಮೆಟ್ಟಿಲು: ವಿರಳತೆ

‘ಬಹಳ ಹಳೆಯದು, ಆದ್ದರಿಂದ ಬಹಳ ಬೆಲೆ’ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ಅದು ನಿಜವಲ್ಲ. 1862 ಎಂದು ಅಚ್ಚಾದ ರಾಣಿ ರೂಪಾಯಿಯನ್ನು ನೋಡಿ. ಟಂಕಸಾಲೆಯವರು ಆ ವರ್ಷವನ್ನು ಬದಲಾಯಿಸದೆ ಮುಂದಿನ ಸುಮಾರು ಹನ್ನೆರಡು ವರ್ಷ ಅದೇ ಅಂಕಿಯನ್ನು ಹಾಕುತ್ತಿದ್ದರು. ಆದ್ದರಿಂದ 1862ರ ರೂಪಾಯಿಗಳು ಹೇರಳ. ಅದಕ್ಕಿಂತ ಎಪ್ಪತ್ತೇಳು ವರ್ಷ ಕಿರಿದಾದ 1939ರ ರೂಪಾಯಿಯಾದರೋ ದುರ್ಲಭ. ಒಂದನ್ನು ಹಿಡಿದು ಸಂಗ್ರಾಹಕರು ಹಬ್ಬ ಮಾಡುತ್ತಾರೆ. ಮತ್ತೊಂದನ್ನು ಕಂಡು ಮುಗುಳುನಕ್ಕು ತಕ್ಕಡಿ ತೆಗೆಯುತ್ತಾರೆ.

1911ರ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯವಾದುದು. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೆತ್ತಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಹಂದಿಯ ಚಿತ್ರವುಳ್ಳ ಹಣವನ್ನು ಮುಟ್ಟುವುದು ಹೇಗೆಂದು ಮುಸಲ್ಮಾನರಲ್ಲಿ ಅಸಮಾಧಾನ ಎದ್ದಿತು. ಸರಕಾರ ಆ ನಾಣ್ಯವನ್ನು ಹೊರಬಿಡುವುದನ್ನು ನಿಲ್ಲಿಸಿ, ಉಳಿದವುಗಳಲ್ಲಿ ಹೆಚ್ಚಿನವನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಅಚ್ಚುಹಾಕಿಸಿತು. ಇಂದಿಗೂ ಸಂಗ್ರಾಹಕರು 1911ರದನ್ನು ‘ಹಂದಿ ರೂಪಾಯಿ’ ಎಂದೇ ಕರೆಯುವುದು. ಶಿಲ್ಪಿಯ ಕೈ ಒಂದಿಷ್ಟು ತಪ್ಪಿದ್ದರಿಂದ ಆ ವರ್ಷದ ರೂಪಾಯಿಗೆ ಬೆಲೆ ಬಂದಿತು.

ಅಚ್ಚಾದವು ಎಷ್ಟು ಎಂಬುದಕ್ಕಿಂತ ಉಳಿದವು ಎಷ್ಟು ಎಂಬುದೇ ಮುಖ್ಯ. ಇದಕ್ಕೆ ದೊಡ್ಡ ಸಾಕ್ಷಿ ಅಮೆರಿಕದ ಬೆಳ್ಳಿ ಡಾಲರಿನದು. ಆ ಕಥೆಗೂ ಭಾರತಕ್ಕೂ ನೇರವಾದ ಸಂಬಂಧವಿದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೆಳ್ಳಿಗೆ ಅಭಾವ ಉಂಟಾಯಿತು. ಸರಕಾರ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ಕಾಗದದ ನೋಟನ್ನು ಹೊರತಂದಿತು. ಜನರಿಗೆ ಮಾತ್ರ ಬೆಳ್ಳಿಯ ಮೇಲೆಯೇ ವಿಶ್ವಾಸ. ಆಗ ಬ್ರಿಟನ್ನಿನ ನೆರವಿಗೆ ಬಂದದ್ದು ಅಮೆರಿಕ. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯಿದೆ ಎಂಬ ಕಾನೂನನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಭಾರತದ ಅಗತ್ಯಕ್ಕಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಆ ಬೆಳ್ಳಿ ಮುಂಬಯಿ, ಕಲಕತ್ತೆಗಳ ಟಂಕಸಾಲೆಗಳಿಗೆ ಬಂದು ರೂಪಾಯಿಯಾಯಿತು. ಮಡಿಕೇರಿಯ ಯಾವುದೋ ಮನೆಯಲ್ಲಿರುವ 1918ರ ಅಥವಾ 1919ರ ರೂಪಾಯಿ ಒಂದು ಕಾಲಕ್ಕೆ ಅಮೆರಿಕದ ಡಾಲರಾಗಿದ್ದಿರಲೂಬಹುದು.

ಅಮೆರಿಕದಲ್ಲಿ ಇದರ ಪರಿಣಾಮವೇನಾಯಿತು? ಕರಗಿದ ಡಾಲರುಗಳು ಯಾವ ಯಾವ ವರ್ಷದವು ಎಂದು ಯಾರೂ ಎಣಿಸಿ ಬರೆದಿಡಲಿಲ್ಲ. ಟಂಕಸಾಲೆಯ ಲೆಕ್ಕದಲ್ಲಿ ಲಕ್ಷಗಟ್ಟಲೆ ಇದ್ದ ವರ್ಷದ ಡಾಲರು ಪೇಟೆಯಲ್ಲಿ ಅಪರೂಪವಾಯಿತು; ಕಡಮೆ ಅಚ್ಚಾಗಿದ್ದ ವರ್ಷದ್ದು ಮೂಟೆಯಲ್ಲಿ ಉಳಿದು ಸುಲಭವಾಯಿತು. ಭಾರತದಲ್ಲಿಯೂ ಇದೇ ನಡೆಯಿತು. 1941ರಿಂದ 1943ರೊಳಗೆ ಸರಕಾರ ಹಳೆಯ ಶುದ್ಧ ಬೆಳ್ಳಿಯ ರೂಪಾಯಿಗಳನ್ನು ಒಂದೊಂದು ದೊರೆಯ ಛಾಪಿನಂತೆ ಚಲಾವಣೆಯಿಂದ ಹಿಂದಕ್ಕೆ ಕರೆಯಿತು. ಮನೆಯ ಪೆಟ್ಟಿಗೆಗಳಲ್ಲಿ ಉಳಿದವೇ ಇಂದು ಕಾಣಸಿಗುವವು.

ಕೊಡಗಿನದೇ ಎನ್ನಬಹುದಾದ ಒಂದು ವಿರಳ ವಸ್ತುವೂ ಇದೆ. 1837ರಲ್ಲಿ ನಡೆದ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪೆನಿ ಸರಕಾರ ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಮಾಡಿಸಿಕೊಟ್ಟಿತು. ಅದರ ಮೇಲೆ ಕೊಡವ ಯೋಧನ ಚಿತ್ರವೂ ಕನ್ನಡದ ಬರಹವೂ ಇವೆ. ಈ ಪದಕವನ್ನು ಮುಂದೆ ಮತ್ತೆ ಅಚ್ಚುಹಾಕಿದ ಪ್ರತಿಗಳೂ ಇರುವುದರಿಂದ, ಅದು ಯಾವ ಮನೆಯಲ್ಲಿದ್ದರೂ ಬಲ್ಲವರಿಗೆ ತೋರಿಸದೆ ಮಾರುವುದು ತರವಲ್ಲ.

ಕಳ್ಳ ನಾಣ್ಯ, ಸುಳ್ಳು ಸುದ್ದಿ

ಎಲ್ಲಿ ಬೆಲೆಯಿದೆಯೋ ಅಲ್ಲಿ ಕೃತ್ರಿಮವೂ ಇರುತ್ತದೆ. 1938ರ ರೂಪಾಯಿಯ ಎಂಟನ್ನು ಕೊರೆದು ಒಂಬತ್ತಾಗಿಸುವವರಿದ್ದಾರೆ. ಭೂತಕನ್ನಡಿಯಲ್ಲಿ ಕೊನೆಯ ಅಂಕಿಯ ಸುತ್ತ ಉಳಿಯ ಗುರುತು ಕಾಣುತ್ತದೆ. 1940ರ ಈಚಿನ ರೂಪಾಯಿಯನ್ನು 1939 ಎಂದು ತಿದ್ದಿದ್ದರೆ ಅಂಚಿನ ತೋಡೇ ಸುಳ್ಳನ್ನು ಬಯಲುಮಾಡುತ್ತದೆ. ಅಚ್ಚಿನಲ್ಲಿ ಎರಕಹೊಯ್ದ ನಾಣ್ಯದಲ್ಲಿ ಅಕ್ಷರಗಳು ಮೊಂಡಾಗಿ, ಮೈಮೇಲೆ ಸೂಜಿಮೊನೆಯಂತಹ ಕುಳಿಗಳಿರುತ್ತವೆ. ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟರೆ ತೂಕ ತಪ್ಪುತ್ತದೆ. ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿದರೆ ಬೆಳ್ಳಿಯ ನೀಳವಾದ ನಾದ ಹೊರಡುವುದಿಲ್ಲ.

ವರ್ಷವನ್ನು ಓದುವುದರಿಂದಲೂ ಕಳ್ಳತನ ಸಿಕ್ಕಿಬೀಳುವುದುಂಟು. 1923ರಿಂದ 1937ರವರೆಗೆ ಚಲಾವಣೆಗೆಂದು ಬೆಳ್ಳಿಯ ರೂಪಾಯಿಯೇ ಅಚ್ಚಾಗಲಿಲ್ಲ. ಆ ನಡುವಿನ ವರ್ಷವನ್ನು ಹೊತ್ತ ರೂಪಾಯಿಯನ್ನು ಯಾರಾದರೂ ತಂದರೆ, ಅವರಿಗೆ ಕಾಫಿ ಕೊಟ್ಟು ಕಳುಹಿಸಬಹುದು. ಕಂಪೆನಿಯ ಹೆಸರೂ 1818 ಎಂಬ ವರ್ಷವೂ ಇದ್ದು ರಾಮ, ಹನುಮಂತರ ಚಿತ್ರವುಳ್ಳ ಬಿಲ್ಲೆಗಳು ಎಂದೂ ಸರಕಾರದ ನಾಣ್ಯಗಳಾಗಿರಲಿಲ್ಲ. ಅಕ್ಕಿಯ ಕಾಳನ್ನು ಎಳೆದುಕೊಳ್ಳುವ ಶಕ್ತಿ ಈ ನಾಣ್ಯಕ್ಕಿದೆಯೆಂದು ನಂಬಿಸಿ ಹಣ ಕೀಳುವುದು ಶುದ್ಧ ವಂಚನೆ.

ಇದಕ್ಕೆ ಹೊಸ ಕಾಲದ ರೂಪವೂ ಬಂದಿದೆ. ಹಳೆಯ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆಂದು ಫೋನಿನಲ್ಲಿ ನಂಬಿಸಿ, ತೆರಿಗೆ, ಕಮಿಷನ್ ಎಂದು ಮುಂಗಡವಾಗಿ ಹಣ ಕೇಳುವವರ ಬಗೆಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಇಂತಹ ವ್ಯವಹಾರದಲ್ಲಿ ತನಗೆ ಯಾವ ಸಂಬಂಧವೂ ಇಲ್ಲ, ಯಾರಿಗೂ ತಾನು ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು ಸ್ಪಷ್ಟಪಡಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಇಷ್ಟನ್ನು ನೆನಪಿಟ್ಟುಕೊಂಡರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತದೆ.

ನ್ಯಾಯವಾದ ಬೆಲೆ ಎಂದರೇನು?

ಕ್ಯಾಟಲಾಗಿನಲ್ಲಿ ಕಾಣುವ ಬೆಲೆ ವ್ಯಾಪಾರಿಯು ಮಾರುವ ಬೆಲೆ. ಅವನು ಕೊಳ್ಳುವ ಬೆಲೆ ಅದಕ್ಕಿಂತ ಕಡಮೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಅವನಿಗೂ ಅಂಗಡಿಯ ಬಾಡಿಗೆ ಉಂಟು, ತಿಂಗಳುಗಟ್ಟಲೆ ನಾಣ್ಯವನ್ನು ಇಟ್ಟುಕೊಂಡು ಕಾಯುವ ಕಷ್ಟವುಂಟು. ಕ್ಯಾಟಲಾಗಿನ ಬೆಲೆಗಿಂತ ನಂಬಲರ್ಹವಾದುದು ಹರಾಜಿನಲ್ಲಿ ಅದೇ ವರ್ಷದ, ಅದೇ ಸ್ಥಿತಿಯ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತೆಂಬ ಲೆಕ್ಕ. ಕೇಳಿದ ಬೆಲೆ ಬೇರೆ, ಬಂದ ಬೆಲೆ ಬೇರೆ.

ಮಾರಬೇಕೆಂದಿರುವವರು ಮೊದಲು ಒಂದು ಪಟ್ಟಿ ಬರೆದುಕೊಳ್ಳಬೇಕು: ದೊರೆಯ ಹೆಸರು, ವರ್ಷ, ಟಂಕಸಾಲೆಯ ಗುರುತು, ತೂಕ, ಸ್ಥಿತಿ. ಪ್ರತಿಯೊಂದರ ಎರಡೂ ಮುಖಗಳ ಚಿತ್ರ ತೆಗೆದಿರಬೇಕು. 1835, 1911, 1939 ಎಂಬಂತಹ ವರ್ಷಗಳನ್ನೂ, ಸವೆತವಿಲ್ಲದ ನಾಣ್ಯಗಳನ್ನೂ ಬೇರೆ ತೆಗೆದಿಟ್ಟು, ಉಳಿದ ಸಾಮಾನ್ಯ ನಾಣ್ಯಗಳಿಗೆ ಲೋಹದ ಬೆಲೆಯ ಸುತ್ತಮುತ್ತ ನಿರೀಕ್ಷಿಸಬೇಕು. ಕಡೆಯ ಪಕ್ಷ ಇಬ್ಬರು ಮೂವರನ್ನು ವಿಚಾರಿಸಬೇಕು. ‘ನೋಡಿ ಹೇಳುತ್ತೇನೆ, ಬಿಟ್ಟುಹೋಗಿ’ ಎಂದವರ ಬಳಿ ರಸೀತಿಯಿಲ್ಲದೆ ಒಂದು ನಾಣ್ಯವನ್ನೂ ಬಿಡಬಾರದು. ‘ಎಲ್ಲವನ್ನೂ ಸೇರಿಸಿ ಇಷ್ಟು’ ಎನ್ನುವವರ ಕಣ್ಣು ಗುಂಪಿನ ಒಂದೇ ನಾಣ್ಯದ ಮೇಲಿರಬಹುದೆಂಬುದನ್ನು ಮರೆಯಬಾರದು.

ಕಾನೂನಿನ ಕಟ್ಟುಗಳೂ ಇವೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾವಸ್ತು. ಎಂದರೆ 1922ರವರೆಗಿನ ಎಲ್ಲ ಬೆಳ್ಳಿ ರೂಪಾಯಿಗಳೂ ಈಗ ಈ ವರ್ಗಕ್ಕೆ ಸೇರಿವೆ. ಇವನ್ನು ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ದುಬಾಯಿಯಲ್ಲೋ ಇರುವ ಮಗಳಿಗೆ ಅಜ್ಜಿಯ ರೂಪಾಯಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸುವ ಪ್ರೀತಿ ವಿಮಾನ ನಿಲ್ದಾಣದಲ್ಲಿ ಅಪರಾಧವಾಗಿಬಿಡಬಹುದು. ತೋಟದಲ್ಲಿ ಗುಂಡಿ ತೋಡುವಾಗ ಮಡಕೆಯಲ್ಲಿ ನಾಣ್ಯ ಸಿಕ್ಕಿದರೆ ಅದು ನಿಧಿ. ಅದನ್ನು ಸರಕಾರಕ್ಕೆ ತಿಳಿಸುವುದು ಕರ್ತವ್ಯ.

ಎಣಿಕೆ ಮತ್ತು ಪಾಲು

ಈ ವಿಚಾರವೆಲ್ಲ ಸಂಗ್ರಾಹಕರ ಹವ್ಯಾಸಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಒಂದು ಮನೆಯಲ್ಲಿ ನಲವತ್ತು ಬೆಳ್ಳಿ ರೂಪಾಯಿಗಳಿವೆ ಎಂದಿಟ್ಟುಕೊಳ್ಳೋಣ. ತಾಯಿ ತೀರಿಕೊಂಡ ಮೇಲೆ ಅಣ್ಣನಿಗೆ ಇಪ್ಪತ್ತು, ತಂಗಿಗೆ ಇಪ್ಪತ್ತು ಎಂದು ಎಣಿಸಿ ಹಂಚುತ್ತಾರೆ. ಎಣಿಕೆ ಸರಿಯಾಗಿದೆ, ಯಾರ ಮನಸ್ಸಿನಲ್ಲೂ ಕಪಟವಿಲ್ಲ. ಆದರೆ ಅಣ್ಣನ ಪಾಲಿಗೆ ರಾಣಿ ಛಾಪಿನವು, ತಂಗಿಯ ಪಾಲಿಗೆ ಯುದ್ಧಕಾಲದವು ಬಂದಿದ್ದರೆ ಒಬ್ಬರಿಗೆ 213.8 ಗ್ರಾಂ ಶುದ್ಧ ಬೆಳ್ಳಿ, ಮತ್ತೊಬ್ಬರಿಗೆ 116.6 ಗ್ರಾಂ. ಗ್ರಾಂಗೆ 100 ರೂಪಾಯಿಯಂತೆ ಲೆಕ್ಕ ಹಾಕಿದರೂ 9,720 ರೂಪಾಯಿಯ ವ್ಯತ್ಯಾಸ. ಅಣ್ಣನ ಇಪ್ಪತ್ತರಲ್ಲಿ ಒಂದು ವಿರಳ ವರ್ಷದ್ದಿದ್ದರೆ ಅಂತರ ಇನ್ನೂ ಹಿರಿದು. ಈ ಸಂಗತಿ ಹಂಚುವ ಮುನ್ನ ತಿಳಿದರೆ ಅರ್ಧ ಗಂಟೆಯ ಕೆಲಸ. ಹತ್ತು ವರ್ಷದ ಮೇಲೆ ಮೂರನೆಯವರ ಬಾಯಿಂದ ತಿಳಿದರೆ ಒಡಹುಟ್ಟಿದವರ ನಡುವೆ ಮಾತು ನಿಲ್ಲಲು ಅಷ್ಟೇ ಸಾಕು.

ಆದ್ದರಿಂದ ಹಂಚುವ ಮೊದಲು ನಾಣ್ಯಗಳನ್ನು ಮೂರು ಗುಂಪು ಮಾಡುವುದು ಜಾಣತನ: ಶುದ್ಧ ಬೆಳ್ಳಿಯವು, ಅರ್ಧ ಬೆಳ್ಳಿಯವು, ವಿರಳವಾದವು. ಮೊದಲೆರಡು ಗುಂಪುಗಳನ್ನು ಬೇರೆಬೇರೆಯಾಗಿ ಸಮಪಾಲು ಮಾಡಬೇಕು. ಮೂರನೆಯದಕ್ಕೆ ಬಲ್ಲವರಿಂದ ಬೆಲೆ ಕಟ್ಟಿಸಿ, ಒಬ್ಬರು ಇಟ್ಟುಕೊಂಡರೆ ಇನ್ನೊಬ್ಬರಿಗೆ ಹಣದಲ್ಲಿ ಸರಿದೂಗಿಸಬೇಕು. ಮುಹೂರ್ತದಲ್ಲಿ ಬಂದದ್ದು, ಅಜ್ಜ ಸೈನ್ಯದಿಂದ ತಂದದ್ದು ಎಂದು ಗೊತ್ತಿರುವ ನಾಣ್ಯವಿದ್ದರೆ ಆ ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಬೇಕು. ಪೇಟೆಯಲ್ಲಿ ಆ ಚೀಟಿಗೆ ಬೆಲೆಯಿಲ್ಲದಿರಬಹುದು. ಆದರೆ ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂದು ಮುಂದಿನ ತಲೆಮಾರಿನವರಿಗೆ ತಿಳಿಸುವುದು ಆ ಚೀಟಿಯೇ. ತೂಕವನ್ನು ತಕ್ಕಡಿ ಹೇಳುತ್ತದೆ, ಸವೆತವನ್ನು ಕಣ್ಣು ಹೇಳುತ್ತದೆ. ಯಾರ ಕೈಯಿಂದ ಬಂದಿತೆಂಬುದನ್ನು ಮನೆಯವರೇ ಹೇಳಬೇಕು.